ಡೀಲರ್ ಒಪ್ಪಂದವನ್ನು ಬೀರುವಿನಿಂದ ಹೊರತೆಗೆಯಿರಿ

‘ಕಂಪನಿ ನಿಗದಿಪಡಿಸಿದ ದರಕ್ಕಿಂತ ಕಡಿಮೆಗೆ ವಿತರಕರು ಮಾರತಕ್ಕದ್ದಲ್ಲ, ತಪ್ಪಿದಲ್ಲಿ ಸರಬರಾಜು ನಿಲ್ಲಿಸಲಾಗುವುದು.’ ಪಂಪ್‌ಸೆಟ್ಟಿರಲಿ, ಪೇಂಟಿರಲಿ, ಏಜೆನ್ಸಿ ಒಪ್ಪಂದದ ಒಳಪುಟದಲ್ಲಿ ಇಂಥದೊಂದು ಷರತ್ತು ಅಪರೂಪವೇನಲ್ಲ. ಡಿಪಾಜಿಟ್ ಎಷ್ಟು, ಮಾರ್ಜಿನ್ ಎಷ್ಟು, ಉದ್ದರಿ ಎಷ್ಟು ದಿನ ಎಂದು ನೋಡಿ ಸಹಿ ಹಾಕಿದ ಮೇಲೆ ಕಾಗದ ಬೀರು ಸೇರುತ್ತದೆ. ಅದು ಅಲ್ಲೇ ಇರುವಾಗ ಹೊರಗೆ ಕಾನೂನು ಬದಲಾಗಿರುತ್ತದೆ.

ಸ್ಪರ್ಧಾ ಕಾಯ್ದೆ 2002ರದ್ದಾದರೂ ಸ್ಪರ್ಧೆಗೆ ಅಡ್ಡಿಯಾಗುವ ಒಪ್ಪಂದಗಳನ್ನು ತಡೆಯುವ ಅದರ 3ನೇ ಕಲಂ ಜಾರಿಗೆ ಬಂದದ್ದು 2009ರ ಮೇ 20ರಂದು. ‘ನಮ್ಮದು ಅದಕ್ಕೂ ಹಿಂದಿನ ಕರಾರು’ ಎಂಬ ವಾದ ನಡೆಯದು. ಮತ್ತೊಂದು ವಿಮಾನಯಾನ ಸಂಸ್ಥೆಯೊಂದಿಗಿನ 2008ರ ತನ್ನ ಮೈತ್ರಿಯ ಬಗ್ಗೆ ಕಿಂಗ್‌ಫಿಷರ್ ಏರ್‌ಲೈನ್ಸ್ ಇದೇ ವಾದ ಹೂಡಿತ್ತು. ಒಪ್ಪಂದ ಹಳೆಯದಾದರೂ ಅದು ಮುಂದುವರಿದಿದ್ದರೆ ಕಾಯ್ದೆ ಅನ್ವಯಿಸುತ್ತದೆ ಎಂದು ಬಾಂಬೆ ಹೈಕೋರ್ಟ್ 2010ರಲ್ಲಿ ಹೇಳಿತು.

ಈ ಕಲಂ ಎರಡು ಬಗೆಯ ಒಪ್ಪಂದಗಳನ್ನು ಬೇರೆ ಬೇರೆಯಾಗಿ ತೂಗುತ್ತದೆ. ಒಂದೇ ಸರಕಿನ ಪ್ರತಿಸ್ಪರ್ಧಿಗಳು ಕೂಡಿ ದರ ಕಟ್ಟಿದರೆ, ಊರು ಹಂಚಿಕೊಂಡರೆ, ಟೆಂಡರಿನಲ್ಲಿ ‘ಈ ಸಲ ನಿನಗೆ, ಮುಂದಿನ ಸಲ ನನಗೆ’ ಎಂದರೆ ಸ್ಪರ್ಧೆಗೆ ಧಕ್ಕೆಯಾಗಿದೆ ಎಂದೇ ಕಾನೂನು ಭಾವಿಸುತ್ತದೆ. ಆಗಿಲ್ಲವೆಂದು ತೋರಿಸುವ ಹೊಣೆ ಅವರದು. ತಯಾರಕ–ಡೀಲರ್ ನಡುವೆ ಅಷ್ಟು ಬಿಗಿಯಿಲ್ಲ. ಓಡುವ ಮಾಲಿನ ಜೊತೆ ಓಡದ ಮಾಲನ್ನು ಗಂಟು ಹಾಕುವುದು, ಬೇರೆ ಕಂಪನಿಯದನ್ನು ಅಂಗಡಿಯಲ್ಲಿ ಇಡಬಾರದೆನ್ನುವುದು, ಗೊತ್ತುಮಾಡಿದ ಪ್ರದೇಶದಾಚೆ ಮಾರಬಾರದೆನ್ನುವುದು, ಮರುಮಾರಾಟದ ಬೆಲೆ ಕಟ್ಟುವುದು ಇವೆಲ್ಲ ಸ್ಪರ್ಧೆಗೆ ಗಣನೀಯ ಹಾನಿ ತಂದರೆ ಮಾತ್ರ ತಪ್ಪು. ಗರಿಷ್ಠ ಬೆಲೆ ಮುದ್ರಿಸುವುದರಲ್ಲಿ ದೋಷವಿಲ್ಲ. ಇದಕ್ಕಿಂತ ಇಳಿಯಬೇಡ ಎಂದಾಗಲೇ ತೊಡಕು.

2021ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ವಿಧಿಸಿದ್ದು ಈ ಕಾರಣಕ್ಕೆ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ರಿಯಾಯಿತಿ ಕೊಡದಂತೆ ಡೀಲರುಗಳನ್ನು ಕಟ್ಟಿಹಾಕಲಾಗಿತ್ತು ಎಂದು ಆಯೋಗ ಕಂಡುಕೊಂಡಿತು. ಕಂಪನಿ ನೇಮಿಸಿದ ಏಜೆನ್ಸಿಯವರು ಗಿರಾಕಿಯ ವೇಷದಲ್ಲಿ ಶೋರೂಮಿಗೆ ಹೋಗುತ್ತಿದ್ದರು. ಹೆಚ್ಚಿನ ರಿಯಾಯಿತಿ ಕೊಟ್ಟದ್ದು ಸಿಕ್ಕಿಬಿದ್ದರೆ ಡೀಲರ್‌ಗೂ ಸಿಬ್ಬಂದಿಗೂ ಜುಲ್ಮಾನೆ. ಕಂಪನಿ ಮೇಲ್ಮನವಿ ಸಲ್ಲಿಸಿತು. ನಾವು ಗಮನಿಸಬೇಕಾದ್ದು ಸಾಕ್ಷ್ಯವನ್ನು: ಆಯೋಗ ಮುಖ್ಯವಾಗಿ ಹಿಡಿದದ್ದು ಇಮೇಲ್‌ಗಳನ್ನು. ಕಾಯ್ದೆಯ ಪ್ರಕಾರ ‘ಒಪ್ಪಂದ’ ಬರವಣಿಗೆಯಲ್ಲಿ ಇರಲೇಬೇಕಿಲ್ಲ, ಬಾಯಿಮಾತಿನ ತಿಳಿವಳಿಕೆಯೂ ಸಾಕು. ಏರಿಯಾ ಮ್ಯಾನೇಜರ್ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ ಒಂದು ಸಂದೇಶ, ವಕೀಲರು ತಿದ್ದಿ ತೀಡಿದ ಕರಾರನ್ನು ತಲೆಕೆಳಗೆ ಮಾಡಬಲ್ಲದು.

2023ರ ತಿದ್ದುಪಡಿ ಬಲೆಯನ್ನು ಇನ್ನಷ್ಟು ಅಗಲ ಮಾಡಿತು. ಪ್ರತಿಸ್ಪರ್ಧಿಗಳ ಕೂಟದಲ್ಲಿ ತಾನು ಆ ವ್ಯಾಪಾರದವನಲ್ಲದಿದ್ದರೂ ನಡುವೆ ನಿಂತು ಅದಕ್ಕೆ ಕೈಜೋಡಿಸಿದವನು ಈಗ ಕೂಟದವನೇ. ದಂಡದ ಗರಿಷ್ಠ ಮಿತಿಗೆ ಕಂಪನಿಯ ಒಟ್ಟು ಜಾಗತಿಕ ವಹಿವಾಟೇ ಲೆಕ್ಕ. ಮರುಮಾರಾಟದ ಬೆಲೆ ಕಟ್ಟುವುದರ ಮೇಲಿನ ನಿಯಮ ಸೇವೆಗಳಿಗೂ ಬಂತು. ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬೇಕಾದರೆ ದಂಡದ ಶೇ 25ರಷ್ಟನ್ನು ಮೊದಲೇ ಕಟ್ಟಬೇಕು. ಇಷ್ಟರ ನಡುವೆ ಒಂದು ಬಾಗಿಲೂ ತೆರೆದಿದೆ: ಡೀಲರ್ ಷರತ್ತುಗಳ ಪ್ರಕರಣಗಳಲ್ಲಿ 2024ರ ಮಾರ್ಚ್‌ನಿಂದ ‘ಹೀಗೆ ಸರಿಪಡಿಸುತ್ತೇವೆ’ ಎಂದು ಆಯೋಗಕ್ಕೆ ಬದ್ಧತೆ ಬರೆದುಕೊಡಬಹುದು, ರಾಜಿಗೂ ಅರ್ಜಿ ಹಾಕಬಹುದು. ದರ ಕಟ್ಟುವ ಕೂಟಗಳಿಗೆ ಈ ಅವಕಾಶವಿಲ್ಲ.

ಸಂಘ ಸಂಸ್ಥೆಗಳೂ ಇದರಿಂದ ಹೊರತಲ್ಲ. ಡಬ್ಬಿಂಗ್ ತಡೆದದ್ದಕ್ಕೆ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ 2015ರಲ್ಲಿ ಆಯೋಗ ದಂಡ ಹಾಕಿದ್ದು ಅನೇಕರಿಗೆ ನೆನಪಿರಬಹುದು. ಡಬ್ಬಿಂಗ್ ಬೇಕೋ ಬೇಡವೋ ಎಂಬ ಭಾಷಾಭಿಮಾನದ ಚರ್ಚೆ ಬೇರೆ, ಒಟ್ಟುಗೂಡಿ ಬಾಗಿಲು ಹಾಕುವುದು ಬೇರೆ.

ಹಾಗಾದರೆ ಹಳೆಯ ಕರಾರನ್ನು ಏನು ಮಾಡುವುದು? ಬೆಲೆಯ ಷರತ್ತು ಕಂಡರೆ ‘ಇದು ಶಿಫಾರಸು ಮಾತ್ರ, ಕಡಿಮೆಗೆ ಮಾರಲು ವಿತರಕರು ಸ್ವತಂತ್ರರು’ ಎಂದು ತಿದ್ದಿಸಿ. ತಿದ್ದಿದ ಮೇಲೆ ನಡವಳಿಕೆಯೂ ಹಾಗೇ ಇರಬೇಕು. ಒಂದೇ ಕಂಪನಿಯ ಮಾಲು ಎಂಬ ಷರತ್ತಿಗೆ ಕಾರಣವನ್ನೂ ಅವಧಿಯನ್ನೂ ಬರೆಸಿ. ಕಂಪನಿ ನಿಮ್ಮ ಅಂಗಡಿಗೆ ಬಂಡವಾಳ ಹಾಕಿದ್ದರೆ ಅದೊಂದು ಕಾರಣವಾದೀತು. ಅವಧಿಯೇ ಇಲ್ಲದ ನಿರ್ಬಂಧವನ್ನು ಸಮರ್ಥಿಸುವುದು ಕಷ್ಟ. ಕಾನೂನು ಬದಲಾದರೆ ಕರಾರನ್ನು ಮರುಪರಿಶೀಲಿಸುವ, ಒಂದು ಷರತ್ತು ಬಿದ್ದರೂ ಉಳಿದವು ನಿಲ್ಲುವ ಎರಡು ಸಾಲು ಸೇರಿಸಿ. ನವೀಕರಣದ ದಿನ ಹಳೆಯ ಪ್ರತಿಗೆ ಹೊಸ ದಿನಾಂಕ ಹಾಕಿ ಸಹಿ ಮಾಡುವ ಚಾಳಿಯನ್ನು ಮೊದಲು ಬಿಡಿ.

ಕಂಪನಿಯೇ ಒಪ್ಪದಿದ್ದರೆ ಆಯೋಗಕ್ಕೆ ಯಾರು ಬೇಕಾದರೂ ಮಾಹಿತಿ ಸಲ್ಲಿಸಬಹುದು. ಶುಲ್ಕವಿದೆ, ಹೆಸರು ಗೋಪ್ಯವಾಗಿಡಲು ಕೋರಬಹುದು. ಕಾರಣ ಹುಟ್ಟಿದ 3 ವರ್ಷದೊಳಗೆ ಸಲ್ಲಿಸಬೇಕು. ತಡವಾದರೆ ಸಕಾರಣ ತೋರಿಸಬೇಕು. ಮೇಲ್ನೋಟಕ್ಕೆ ಹುರುಳಿದೆ ಎನಿಸಿದರೆ ಆಯೋಗ ಮಹಾನಿರ್ದೇಶಕರಿಂದ ತನಿಖೆ ಮಾಡಿಸುತ್ತದೆ, ಷರತ್ತು ಬದಲಿಸುವಂತೆ ಆದೇಶಿಸಲೂಬಲ್ಲದು. ಅರ್ಜಿಯ ಜೊತೆ ಸರ್ಕ್ಯುಲರು, ಇಮೇಲ್, ಸರಬರಾಜು ನಿಂತ ತಾರೀಖಿನ ಇನ್‌ವಾಯ್ಸ್‌ಗಳಿರಲಿ. ಬಾಕಿ ಕಮಿಷನ್, ಡಿಪಾಜಿಟ್ ವಾಪಸಾತಿಯಂಥ ಖಾಸಗಿ ಲೆಕ್ಕವನ್ನು ಆಯೋಗ ತೀರಿಸಿಕೊಡುವುದಿಲ್ಲ. ಅದಕ್ಕೆ ಸಿವಿಲ್ ಕೋರ್ಟು, ಇಲ್ಲವೇ ಕರಾರಿನಲ್ಲಿ ಬರೆದಿದ್ದರೆ ಮಧ್ಯಸ್ಥಿಕೆ.