ಮರೆವು ಆವರಿಸಿದ ಪತಿಯ ಕಾರನ್ನು ಮಾರಬಹುದೇ?



ಕಳೆದ ಮಳೆಗಾಲದ ಒಂದು ಭಾನುವಾರ, ಎರಡನೆಯ ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಹಿರಿಯ ತಾಯಿಯೊಬ್ಬರು ಗುರುನಿವಾಸಕ್ಕೆ ಬಂದರು. ಕೈಯಲ್ಲಿ ಒಂದು ಚೀಲ. ಅದರಲ್ಲಿ ಕಾರಿನ ಆರ್.ಸಿ., ವಿಮೆಯ ಕಾಗದ, ಭರ್ತಿ ಮಾಡದ ಎರಡು ಫಾರಂಗಳು ಮತ್ತು ಒಂದು ಶಾಯಿ ಪ್ಯಾಡು. ಎಲ್ಲವನ್ನೂ ಮೇಜಿನ ಮೇಲೆ ಇಟ್ಟು ಅವರು ಹೇಳಿದರು:

"ಫಾದರ್, ನಮ್ಮ ಯಜಮಾನರ ಕಾರು ಮಾರ್ಬೇಕು. ಬ್ರೋಕರು ಒಂದೂವರೆ ಲಕ್ಷ ಕೊಡ್ತೀನಿ ಅಂತಾನೆ. ಇವರಿಗೆ ಈಗ ಸಹಿ ಹಾಕೋಕೆ ಬರಲ್ಲ. ಹೆಬ್ಬೆಟ್ಟು ಒತ್ತಿಸಿ ಸಾಕು ಅಂದ. ನಿನ್ನೆ ರಾತ್ರಿ ಇವರು ಮಲಗಿದ್ದಾಗ ಪ್ಯಾಡು ತಗೊಂಡು ಹೋಗಿ ಕೈ ಹಿಡ್ಕೊಂಡೆ. ಆಮೇಲೆ ಮನಸ್ಸು ಬರಲಿಲ್ಲ. ಒತ್ತಿಸಿದ್ರೆ ಪಾಪಾನಾ ಫಾದರ್?"

ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. ಆ ತಾಯಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ಬರೀರಿ ಫಾದರ್, ಇಂಥ ಮನೆ ನಮ್ಮದೊಂದೇ ಅಲ್ಲ" ಎಂದವರೂ ಅವರೇ.

ಇದು ಅರಳುಮರಳಲ್ಲ, ಕಾಯಿಲೆ

"ಅರವತ್ತಕ್ಕೆ ಅರಳುಮರಳು" ಎಂಬ ಗಾದೆ ನಮ್ಮಲ್ಲಿದೆ. ಅದನ್ನು ಹೇಳಿ ನಗುತ್ತೇವೆ, ಸುಮ್ಮನಾಗುತ್ತೇವೆ. ಆದರೆ ಡಿಮೆನ್ಷಿಯ ಎಂಬುದು ವಯಸ್ಸಿನ ಸಹಜ ಮರೆವಲ್ಲ. ಅದು ಮೆದುಳಿನ ಕಾಯಿಲೆಗಳಿಂದ ಬರುವ ಸ್ಥಿತಿ. ಅವುಗಳಲ್ಲಿ ಹೆಚ್ಚಾಗಿ ಕಾಣುವುದು ಆಲ್ಝೈಮರ್ ಕಾಯಿಲೆ. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ಅದನ್ನು ಮೊದಲು ವಿವರಿಸಿದರು. ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ವಯಸ್ಸು. ಕನ್ನಡಕ ಯಾತಕ್ಕೆ ಎಂದೇ ತಿಳಿಯದಿರುವುದು ಕಾಯಿಲೆ. 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ಸುಮಾರು 7.4 ಮಂದಿ, ಎಂದರೆ 88 ಲಕ್ಷ ಜನ, ಈ ಸ್ಥಿತಿಯಲ್ಲಿದ್ದಾರೆ. ಭಾನುವಾರ ನಮ್ಮ ದೇವಾಲಯದ ಬೆಂಚುಗಳಲ್ಲಿ ಕಾಣದೆ ಹೋದ ಕೆಲವು ಹಿರಿಯರು ಏಕೆ ಕಾಣುತ್ತಿಲ್ಲ ಎಂದು ನಾವು ಕೇಳಿದ್ದೇವೆಯೇ?

ಸಿರಾಖನ ಗ್ರಂಥದ ಮೂರನೆಯ ಅಧ್ಯಾಯವನ್ನು ಮನೆಯಲ್ಲಿ ತೆರೆದು ನೋಡಿ. ತಂದೆಯ ಬುದ್ಧಿ ಮಂಕಾದರೂ ತಾಳ್ಮೆಯಿಂದಿರು, ನಿನಗೆ ಶಕ್ತಿಯಿದೆ ಎಂದು ಅವನನ್ನು ಕೀಳಾಗಿ ಕಾಣಬೇಡ ಎಂಬ ಅರ್ಥದ ಉಪದೇಶ ಅಲ್ಲಿದೆ. ಕ್ರಿಸ್ತಪೂರ್ವ ಕಾಲದಲ್ಲೇ ದೇವರ ವಾಕ್ಯ ಈ ಕಷ್ಟವನ್ನು ಕಂಡಿತ್ತು.

ಮೊದಲು ಕೀಲಿಕೈ, ಆಮೇಲೆ ಮಾರಾಟ

ಮಾರಾಟದ ಪ್ರಶ್ನೆಗಿಂತ ಮೊದಲು ಇನ್ನೊಂದು ಪ್ರಶ್ನೆ ಇದೆ: ಅವರು ಇನ್ನೂ ಕಾರು ಓಡಿಸುತ್ತಿದ್ದಾರೆಯೇ? ಓಡಿಸುತ್ತಿದ್ದರೆ ವೈದ್ಯರನ್ನು ಇಂದೇ ಕೇಳಿ. ಪರಿಚಿತ ದಾರಿ ತಪ್ಪುವುದು, ಬ್ರೇಕು ಯಾವುದು ಆಕ್ಸಿಲರೇಟರ್ ಯಾವುದು ಎಂದು ತಡವರಿಸುವುದು, ಬಂಪರಿನ ಮೇಲೆ ಹೊಸ ಗೀರುಗಳು ಇವೆಲ್ಲ ಎಚ್ಚರಿಕೆಯ ಗಂಟೆ. ಕುಡಿತದಿಂದಲೋ ವೇಗದ ಹುಚ್ಚಿನಿಂದಲೋ ರಸ್ತೆಯಲ್ಲಿ ಪರರ ಪ್ರಾಣಕ್ಕೆ ಅಪಾಯ ತರುವುದು ಗಂಭೀರ ದೋಷವೆಂದು ಧರ್ಮಸಭೆ ಐದನೆಯ ಕಟ್ಟಳೆಯ ಅಡಿಯಲ್ಲೇ ಬೋಧಿಸುತ್ತದೆ. ರೋಗಿಗೆ ಆ ದೋಷ ಅಂಟುವುದಿಲ್ಲ, ಅವರಿಗೆ ತಿಳಿಯದು. ಆದರೆ ತಿಳಿದೂ ಕೀಲಿಕೈ ಕೊಡುವ ನಮಗೆ?

ಹಾಗಾದರೆ ಮಾರುವ ಆಲೋಚನೆಯೇ ತಪ್ಪಲ್ಲ. ಓಡಿಸುವವರಿಲ್ಲದ ಕಾರು ಷೆಡ್ಡಿನಲ್ಲಿ ತುಕ್ಕು ಹಿಡಿಯುತ್ತದೆ, ಔಷಧಿಗೆ ಹಣ ಬೇಕಾಗುತ್ತದೆ. ತಪ್ಪಿರಬಹುದಾದದ್ದು ಮಾರುವ ರೀತಿಯಲ್ಲಿ.

ಇಸಾಕನ ಕೈ

ಆದಿಕಾಂಡದ 27ನೆಯ ಅಧ್ಯಾಯ ನೆನಪಿಸಿಕೊಳ್ಳಿ. ಇಸಾಕನಿಗೆ ವಯಸ್ಸಾಗಿದೆ, ಕಣ್ಣು ಮಂಜಾಗಿದೆ. ಹೆಂಡತಿ ರೆಬೆಕ್ಕ ಒಂದು ಉಪಾಯ ಹೂಡುತ್ತಾಳೆ. ಮಗ ಯಕೋಬನ ಕೈಗಳಿಗೆ ಮೇಕೆಮರಿಯ ತೊಗಲು ಸುತ್ತುತ್ತಾಳೆ. ಮುದುಕ ಮುಟ್ಟಿ ನೋಡುತ್ತಾನೆ, ಸಂಶಯಪಡುತ್ತಾನೆ, ಕೊನೆಗೆ ನಂಬಿ ಆಶೀರ್ವದಿಸುತ್ತಾನೆ.

ರೆಬೆಕ್ಕ ಕೆಟ್ಟ ಹೆಂಡತಿಯೇ? ಅಲ್ಲ. ಮನೆಗೆ ಒಳ್ಳೆಯದಾಗಲಿ ಎಂದೇ ಮಾಡಿದಳು. ದೇವರ ಯೋಜನೆಯೂ ಯಕೋಬನ ಪರವಾಗಿಯೇ ಇತ್ತು. ಆದರೂ ಆ ಮನೆಗೆ ಏನಾಯಿತು ನೋಡಿ. ಯಕೋಬ ಊರು ಬಿಟ್ಟು ಓಡಿದ. ತಾಯಿಮಗ ಮತ್ತೆ ಭೇಟಿಯಾದರೆಂದು ಬೈಬಲು ಎಲ್ಲಿಯೂ ಹೇಳುವುದಿಲ್ಲ. ಲಾಬಾನನ ಮನೆಯಲ್ಲಿ ಅವನೇ ಮೋಸಹೋದ. ಮುಂದೆ ಅವನ ಸ್ವಂತ ಮಕ್ಕಳು ಹೋತದ ರಕ್ತದಲ್ಲಿ ಅದ್ದಿದ ಅಂಗಿಯನ್ನು ತೋರಿಸಿ ಅವನನ್ನೇ ವಂಚಿಸಿದರು. ಉದ್ದೇಶ ಒಳ್ಳೆಯದಿದ್ದ ಮಾತ್ರಕ್ಕೆ ಮಾರ್ಗ ಒಳ್ಳೆಯದಾಗುವುದಿಲ್ಲ.

ಮಲಗಿದವರ ಹೆಬ್ಬೆಟ್ಟಿಗೆ ಶಾಯಿ ಹಚ್ಚುವುದು, ಅವರ ಫೋನಿಗೆ ಬಂದ ಓಟಿಪಿಯನ್ನು ಅವರೇ ಕೊಟ್ಟಂತೆ ಒತ್ತುವುದು, ಅವರ ಸಹಿಯನ್ನು ನಾವೇ ಗೀಚುವುದು ಇವು ಇಂದಿನ ಮೇಕೆಯ ತೊಗಲುಗಳು. ಸಹಿ ಎಂದರೆ ಶಾಯಿಯ ಗುರುತಲ್ಲ. "ನನಗೆ ತಿಳಿದಿದೆ, ನಾನು ಒಪ್ಪಿದ್ದೇನೆ" ಎಂಬ ಮನಸ್ಸಿನ ಮಾತು. ಅರಿವು ಮತ್ತು ಸ್ವತಂತ್ರ ಇಚ್ಛೆ ಇವೆರಡೂ ಇಲ್ಲದಿದ್ದರೆ ಅದು ಪೂರ್ಣ ಮಾನವ ಕ್ರಿಯೆಯೇ ಅಲ್ಲ ಎಂದು ಸಂತ ಥಾಮಸ್ ಅಕ್ವಿನಾಸ್‌ರ ಕಾಲದಿಂದ ನಾವು ಕಲಿತಿದ್ದೇವೆ. ವಿವಾಹ ಸಂಸ್ಕಾರದಲ್ಲಿಯೂ ಧರ್ಮಸಭೆ ಇದನ್ನೇ ಕೇಳುತ್ತದೆ. ಬುದ್ಧಿಯ ಸಾಕಷ್ಟು ಬಳಕೆ ಇಲ್ಲದವರು ವಿವಾಹದ ಸಮ್ಮತಿ ನೀಡಲಾರರು ಎನ್ನುತ್ತದೆ 1983ರ ಧರ್ಮಸಭಾ ಕಾನೂನು ಸಂಹಿತೆಯ 1095ನೆಯ ಕಲಂ. ಅಂದು ಪೀಠದ ಮುಂದೆ ಅವರ ಬಾಯಿಂದಲೇ ಸಮ್ಮತಿ ಕೇಳಿದೆವು. ಇಂದು ಕೈ ಹಿಡಿದು ಒತ್ತಿಸಿದರೆ ಅದನ್ನು ಸಮ್ಮತಿ ಎನ್ನಬಹುದೇ?

ಕಾನೂನು ಏನು ಹೇಳುತ್ತದೆ?

ಈ ವಿಷಯದಲ್ಲಿ ದೇಶದ ಕಾನೂನೂ ನಮ್ಮ ಮನಸ್ಸಾಕ್ಷಿಯೂ ಬಹುಮಟ್ಟಿಗೆ ಒಂದೇ ದಾರಿಯಲ್ಲಿವೆ. ಮನೆಯವರು ತಿಳಿದಿರಬೇಕಾದ ಕೆಲವು ಅಂಶಗಳು:

1. ಕಾರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಫಾರಂ 29 ಮತ್ತು 30ರಲ್ಲಿ ವರ್ಗಾವಣೆ ಮಾಡಿಕೊಡಬೇಕು. ಹೆಂಡತಿ ಎಂಬ ಕಾರಣಕ್ಕೇ ಹೆಂಡತಿಗೆ, ಗಂಡ ಎಂಬ ಕಾರಣಕ್ಕೇ ಗಂಡನಿಗೆ ಆ ಅಧಿಕಾರ ಬರುವುದಿಲ್ಲ.

2. ಅರಿವಿಲ್ಲದವರು ಮಾಡಿದ ಕರಾರು 1872ರ ಕರಾರು ಕಾಯಿದೆಯಂತೆ ಊರ್ಜಿತವಲ್ಲ. ಆದರೆ ಆಗಾಗ ಮನಸ್ಸು ತಿಳಿಯಾಗುವವರು ಆ ತಿಳಿಯಾದ ಹೊತ್ತಿನಲ್ಲಿ ಕರಾರು ಮಾಡಬಹುದು ಎಂದು ಅದೇ ಕಾಯಿದೆಯ 12ನೆಯ ಕಲಂ ಹೇಳುತ್ತದೆ. ಆದ್ದರಿಂದ ಕಾಯಿಲೆ ಆರಂಭದಲ್ಲಿದ್ದರೆ ತಡಮಾಡಬೇಡಿ. ಅವರಿಗೆ ವಿವರಿಸಿ ಹೇಳಿ, ಅವರೇ ಸಹಿ ಹಾಕಲಿ. ಅಂದೇ ಪರೀಕ್ಷಿಸಿದ ವೈದ್ಯರ ಪತ್ರವೂ ಜೊತೆಗಿರಲಿ.

3. "ಮೊದಲೇ ಜಿ.ಪಿ.ಎ. ಬರೆಸಿಕೊಂಡಿದ್ದೇವೆ" ಎನ್ನುವವರಿದ್ದಾರೆ. ಬರೆದುಕೊಟ್ಟವರ ಬುದ್ಧಿ ಸ್ವಸ್ಥವಾಗಿಲ್ಲದಾಗ ಆ ಅಧಿಕಾರ ಕೊನೆಗೊಳ್ಳುತ್ತದೆ ಎನ್ನುತ್ತದೆ 201ನೆಯ ಕಲಂ. ಆರ್.ಸಿ.ಯಲ್ಲಿ ನಾಮಿನಿಯ ಹೆಸರು ಸೇರಿಸಲು 2021ರಿಂದ ಅವಕಾಶವಿದೆ. ಆದರೆ ಅದು ಮಾಲೀಕರ ಮರಣದ ನಂತರಕ್ಕೆ ಮಾತ್ರ.

4. ಅರಿವು ಪೂರ್ತಿ ಹೋಗಿದ್ದರೆ ನ್ಯಾಯಾಲಯದಿಂದ ಪಾಲಕರಾಗಿ ನೇಮಕ ಪಡೆಯುವುದೇ ಸರಿಯಾದ ದಾರಿ. ಯಾವ ಕಾಯಿದೆಯಡಿ, ಎಲ್ಲಿ ಅರ್ಜಿ ಹಾಕಬೇಕೆಂದು ವಕೀಲರು ತಿಳಿಸುತ್ತಾರೆ. ವಕೀಲರ ಖರ್ಚಿಗೆ ಹೆದರಬೇಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಅದರ ಸಹಾಯವಾಣಿ 15100. ಹಿರಿಯ ನಾಗರಿಕರ ಸಹಾಯವಾಣಿ 14567.

5. ಕಾಗದ ಬದಲಾಗದೆ ಕಾರನ್ನು ಮಾತ್ರ ಕೊಟ್ಟುಬಿಡಬೇಡಿ. ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಮಾಲೀಕರೆಂದು ಸುಪ್ರೀಂ ಕೋರ್ಟು 2018ರ ತೀರ್ಪೊಂದರಲ್ಲಿ ಹೇಳಿದೆ. ಆ ಕಾರು ನಾಳೆ ಯಾರಿಗಾದರೂ ಡಿಕ್ಕಿ ಹೊಡೆದರೆ ಪರಿಹಾರದ ನೋಟೀಸು ಬರುವುದು ಹಾಸಿಗೆಯಲ್ಲಿರುವ ನಿಮ್ಮ ಪತಿಯ ಹೆಸರಿಗೆ.

ಇನ್ನೊಂದು ಮಾತು. ಬುದ್ಧಿ ಸ್ವಸ್ಥವಿಲ್ಲದೆ ಕಾಗದದಲ್ಲಿ ಏನಿದೆಯೆಂದು ತಿಳಿಯಲಾರದವರಿಂದ ಅಪ್ರಾಮಾಣಿಕವಾಗಿ ಸಹಿ ಹಾಕಿಸುವುದನ್ನು ಭಾರತೀಯ ನ್ಯಾಯ ಸಂಹಿತೆ ತನ್ನ 335ನೆಯ ಕಲಂನಲ್ಲಿ ಸುಳ್ಳು ದಾಖಲೆ ಸೃಷ್ಟಿಗೆ ಸೇರಿಸಿದೆ. ಆ ತಾಯಿಯ ಮನಸ್ಸಿನಲ್ಲಿ ಕಪಟವಿರಲಿಲ್ಲ. ಆದರೆ ಬ್ರೋಕರು ಹೇಳಿದಷ್ಟು ಸುಲಭದ ಕೆಲಸ ಅದಾಗಿರಲಿಲ್ಲ.

"ಕಾರು ಎಲ್ಲಿ?" ಎಂದು ಕೇಳಿದರೆ

ಕಾರು ಮಾರಿದ ಮೇಲೂ ಅವರು ದಿನಕ್ಕೆ ಹತ್ತು ಸಲ ಕೇಳಬಹುದು. "ಗ್ಯಾರೇಜಿನಲ್ಲಿದೆ, ನಾಳೆ ಬರುತ್ತೆ" ಎನ್ನುವುದು ಎಲ್ಲರಿಗೂ ಹೊಳೆಯುವ ಉತ್ತರ. ಅದು ತಪ್ಪೇ? ಯಾರ ಒಳಿತಿಗಾಗಿ ಹೇಳಿದರೂ ಸುಳ್ಳು ಸುಳ್ಳೇ ಎನ್ನುತ್ತಾರೆ ಸಂತ ಅಗಸ್ಟೀನ್. ಸಂತ ಥಾಮಸ್ ಅಕ್ವಿನಾಸ್ ಅದನ್ನು ಒಪ್ಪುತ್ತಾರೆ. ಆದರೆ ಪರರ ಹಿತಕ್ಕಾಗಿ ಹೇಳಿದ ಸುಳ್ಳು ಹಗುರವಾದ ಪಾಪವೆಂದೂ, ಸತ್ಯವನ್ನು ವಿವೇಕದಿಂದ ಮರೆಮಾಡುವುದು ಸುಳ್ಳಲ್ಲವೆಂದೂ ಹೇಳುತ್ತಾರೆ. ಧರ್ಮಸಭೆಯ ಧರ್ಮೋಪದೇಶವೂ ತನ್ನ 2488 ಮತ್ತು 2489ನೆಯ ಪರಿಚ್ಛೇದಗಳಲ್ಲಿ, ಎಲ್ಲ ಸತ್ಯವನ್ನೂ ಎಲ್ಲ ಹೊತ್ತಿನಲ್ಲೂ ಹೇಳಲೇಬೇಕಾಗಿಲ್ಲ, ಸಹೋದರ ಪ್ರೀತಿ ಅದನ್ನು ತೀರ್ಮಾನಿಸಲಿ ಎಂಬಂತೆ ಬೋಧಿಸುತ್ತದೆ.

ಆದ್ದರಿಂದ "ಮಾರಿದೆವು, ನಿಮಗೆ ಹೇಳಿದ್ದೆವಲ್ಲ!" ಎಂದು ಪ್ರತಿಸಲ ಗಾಯಮಾಡಬೇಕಾಗಿಲ್ಲ. ಕಟ್ಟುಕತೆ ಹೇಳಬೇಕಾದ್ದೂ ಇಲ್ಲ. "ಇವತ್ತು ಕಾರು ಬೇಡ, ಬನ್ನಿ, ನಡ್ಕೊಂಡು ಹೋಗೋಣ" ಎನ್ನಬಹುದು. "ಆ ಕಾರಿನಲ್ಲಿ ಮೊದಲನೇ ಸಲ ಎಲ್ಲಿಗೆ ಹೋಗಿದ್ವಿ, ಹೇಳಿ" ಎನ್ನಬಹುದು. ಅವರು ಕೇಳುತ್ತಿರುವುದು ಅನೇಕ ಸಲ ಕಾರನ್ನಲ್ಲ. ತಾನು ಇನ್ನೂ ಈ ಮನೆಯ ಯಜಮಾನನೇ ಎಂಬುದನ್ನು. ಆ ಪ್ರಶ್ನೆಗೆ ಸತ್ಯವಾದ ಉತ್ತರ "ಹೌದು" ಎಂದೇ ಇದೆ. ಆತಂಕದ ಗಳಿಗೆಯಲ್ಲಿ ಯಾರ ಬಾಯಿಂದಾದರೂ "ಗ್ಯಾರೇಜಿನಲ್ಲಿದೆ" ಎಂದು ಬಂದುಬಿಟ್ಟರೆ, ಹಗಲಿರುಳು ಸೇವೆ ಮಾಡಿ ದಣಿದ ಆ ಜೀವವನ್ನು ದೇವರು ಕರುಣೆಯಿಂದಲೇ ನೋಡುತ್ತಾರೆಂದು ನಂಬುತ್ತೇನೆ.

ಹಣ ಯಾರದು?

ಕಾರು ಅವರದು, ಆದ್ದರಿಂದ ಹಣವೂ ಅವರದು. ಪಾಲಕರು ಕೇವಲ ಪಾರುಪತ್ಯಗಾರರು. ಹಣ ಅವರ ಖಾತೆಗೆ ಹೋಗಲಿ, ಅವರ ಔಷಧಿ, ಆರೈಕೆ, ಅವರನ್ನು ನೋಡಿಕೊಳ್ಳುವ ಮನೆಯ ಖರ್ಚಿಗೆ ಬಳಕೆಯಾಗಲಿ. ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿಡಿ, ಮಕ್ಕಳೆಲ್ಲರಿಗೂ ಮೊದಲೇ ತಿಳಿಸಿ. ಒಬ್ಬ ಮಗನಿಗೆ ಗೊತ್ತಿದ್ದು ಇನ್ನೊಬ್ಬ ಮಗಳಿಗೆ ಗೊತ್ತಿಲ್ಲದ ಮಾರಾಟಗಳಿಂದ ಎಷ್ಟೋ ಮನೆಗಳಲ್ಲಿ ಮಾತು ನಿಂತಿದೆ. ಕೊಳ್ಳುವವರಿಗೂ ಕಾರಿನ ದೋಷಗಳನ್ನು ಮುಚ್ಚಿಡಬೇಡಿ. ಏಳನೆಯ ಕಟ್ಟಳೆ ಅವರಿಗೂ ಸಲ್ಲುತ್ತದೆ.

ಆ ತಾಯಿಯ ಮನೆಯಲ್ಲಿ

ಆ ತಾಯಿ ಪತಿಯನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋದರು. ಮಾರಾಟದ ವಿಷಯ ಅರ್ಥಮಾಡಿಕೊಳ್ಳುವ ಸ್ಥಿತಿ ದಾಟಿದೆ ಎಂದು ವೈದ್ಯರು ಹೇಳಿದರು. ಬ್ರೋಕರು ಕಾಯಲಿಲ್ಲ, ಒಂದೂವರೆ ಲಕ್ಷ ಕೈತಪ್ಪಿತು. ಈಗ ಅರ್ಜಿ ನ್ಯಾಯಾಲಯದಲ್ಲಿದೆ, ಕಾರು ಷೆಡ್ಡಿನಲ್ಲಿದೆ, ದಿನ ಕಳೆದಂತೆ ಅದರ ಬೆಲೆ ಇಳಿಯುತ್ತಿದೆ. ಸತ್ಯದ ದಾರಿಗೆ ಬೆಲೆ ಇಲ್ಲವೆಂದು ನಾನು ನಿಮಗೆ ಹೇಳಲಾರೆ. ಆ ಬೆಲೆಯನ್ನು ಆ ತಾಯಿ ಒಬ್ಬರೇ ತೆರಬೇಕೇ? ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಔಷಧಿಗೆ ಕೈಜೋಡಿಸಿದ್ದಾರೆ. ಭಾನುವಾರ ಅವರಿಬ್ಬರನ್ನೂ ಬಲಿಪೂಜೆಗೆ ಕರೆತರಲು ನಮ್ಮ ಇಬ್ಬರು ಯುವಕರು ಸರದಿ ಹಾಕಿಕೊಂಡಿದ್ದಾರೆ. ಒಂದು ಕಾಲದಲ್ಲಿ ನಡೆಯಲಾರದ ಅಜ್ಜಿಯರನ್ನು ತಮ್ಮ ಕಾರಿನಲ್ಲಿ ದೇವಾಲಯಕ್ಕೆ ಕರೆತರುತ್ತಿದ್ದವರು ಅವರೇ.

ಕಾರಿನ ಕೀಲಿಯನ್ನು ಬೀರುವಿನಲ್ಲಿಟ್ಟಿದ್ದಾರೆ. ಅದಕ್ಕೆ ಸಿಕ್ಕಿಸಿದ್ದ ಸಂತ ಕ್ರಿಸ್ಟೋಫರರ ಪದಕವನ್ನು ಮಾತ್ರ ಬಿಚ್ಚಿ ಪತಿಯ ಕೈಗೆ ಕೊಟ್ಟಿದ್ದಾರೆ. ಪರಮಪ್ರಸಾದ ಕೊಡಲು ಹೋದಾಗ ಅದು ಅವರ ಮುಷ್ಟಿಯಲ್ಲಿತ್ತು. ಮಗುವೊಂದನ್ನು ಹೆಗಲಿಗೇರಿಸಿ ನದಿ ದಾಟುವಾಗ ಹೆಜ್ಜೆ ಹೆಜ್ಜೆಗೂ ಭಾರ ಹೆಚ್ಚಾಯಿತು, ದಡ ಸೇರಿದ ಮೇಲೆ ಹೊತ್ತದ್ದು ಕ್ರಿಸ್ತನನ್ನೇ ಎಂದು ತಿಳಿಯಿತು ಎಂಬುದು ಆ ಸಂತರ ಐತಿಹ್ಯ. ನಮ್ಮ ಎಷ್ಟೋ ಮನೆಗಳಲ್ಲಿ ಹೆಂಡತಿಯರು, ಗಂಡಂದಿರು, ಮಕ್ಕಳು ಈಗ ನಡುನೀರಿನಲ್ಲಿದ್ದಾರೆ.

ಮನೆಯಲ್ಲಿ ಜಪಸರದ ನಂತರ ಮಾತಾಡಿಕೊಳ್ಳಲು

1. ನಮ್ಮ ಮನೆಯ ವಾಹನ, ಖಾತೆ, ಜಮೀನು ಯಾರ ಹೆಸರಿನಲ್ಲಿವೆ? ಅವರಿಗೆ ಅರಿವು ಇರುವಾಗಲೇ ಅವರ ಇಚ್ಛೆಯನ್ನು ಕೇಳಿದ್ದೇವೆಯೇ?

2. ಮರೆವಿನ ಹಿರಿಯರ ಎದುರಿಗೇ ಅವರ ವಿಷಯವನ್ನು ಅವರು ಇಲ್ಲವೇನೋ ಎಂಬಂತೆ ಮಾತಾಡುತ್ತೇವೆಯೇ?

3. ನಮ್ಮ ವಾರ್ಡಿನಲ್ಲಿ ಇಂಥ ರೋಗಿಯನ್ನು ನೋಡಿಕೊಳ್ಳುತ್ತಿರುವವರು ಯಾರು? ಈ ವಾರ ಒಂದು ಗಂಟೆ ಅವರ ಬದಲಿಗೆ ಕುಳಿತುಕೊಳ್ಳಬಲ್ಲೆವೇ?

ಪ್ರಾರ್ಥನೆ: ಪ್ರಭು ಯೇಸುವೇ, ನಮ್ಮ ಹೆಸರನ್ನೇ ಮರೆತ ನಮ್ಮ ಹಿರಿಯರ ಹೆಸರನ್ನು ನೀವು ಮರೆತಿಲ್ಲ. ಅವರ ಕೈಯನ್ನು ನಾವು ಹಿಡಿಯುವಾಗ ಪ್ರೀತಿಯಿಂದಲೂ ಗೌರವದಿಂದಲೂ ಹಿಡಿಯುವ ಮನಸ್ಸನ್ನು ನಮಗೆ ಕೊಡಿ. ಆಮೆನ್.