ಟ್ರಂಕಿನ ತಳದ ಹೆಸರುಗಳು



ಮನೆಯ ಹಿರಿಯರೊಬ್ಬರು ತೀರಿಕೊಂಡು ತಿಂಗಳ ಪೂಜೆ ಮುಗಿಯುತ್ತಿದ್ದಂತೆ ಅವರ ಕೋಣೆ ಖಾಲಿ ಮಾಡುವ ಕೆಲಸ ಶುರುವಾಗುತ್ತದೆ. ಸೀರೆ, ಪಾತ್ರೆಗಳು ಹಂಚಿಕೆಯಾಗುತ್ತವೆ. ಟ್ರಂಕಿನ ತಳದಲ್ಲಿದ್ದ ಹಳೆಯ ಪಟಗಳು ಗುಜರಿಯವನ ತಕ್ಕಡಿ ಸೇರುತ್ತವೆ. ಯಾರೂ ಕೆಟ್ಟ ಮನಸ್ಸಿನಿಂದ ಹೀಗೆ ಮಾಡುವುದಿಲ್ಲ. ಪಟದಲ್ಲಿರುವವರು ಯಾರೆಂದು ಹೇಳಬಲ್ಲವರೇ ಹೋಗಿಬಿಟ್ಟಿರುತ್ತಾರೆ. ನವೆಂಬರ್ 2ರಂದು ಮೃತರಿಗಾಗಿ ಪೂಜೆ ಬರೆಸಲು ಬರುವವರಲ್ಲಿಯೂ ಅನೇಕರು, ತಾತನ ತಂದೆಯ ಹೆಸರೇನೆಂದು ಕೇಳಿದರೆ ಸುಮ್ಮನೆ ನಿಂತುಬಿಡುತ್ತಾರೆ.

ಆದುದರಿಂದ ಕಾಗದಕ್ಕಿಂತ ಮೊದಲು ಹೆಸರುಗಳನ್ನು ಕಾಪಾಡಿ. ಅಜ್ಜಿ ಇರುವಾಗಲೇ ಒಂದು ಭಾನುವಾರ ಮಧ್ಯಾಹ್ನ ಅವರ ಪಕ್ಕದಲ್ಲಿ ಕುಳಿತು ಪಟಗಳನ್ನು ಒಂದೊಂದಾಗಿ ತೋರಿಸಿ. ಹೆಸರು, ಊರು, ಗೊತ್ತಿದ್ದರೆ ಇಸವಿಯನ್ನು ಪಟದ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ. ಬಾಲ್‌ಪೆನ್ ಬೇಡ, ಒತ್ತಿದ ಗೆರೆ ಮುಂಭಾಗದಲ್ಲಿ ಮೂಡುತ್ತದೆ. "ಅಪ್ಪನ ಅಣ್ಣ" ಎಂದು ಬರೆದರೆ ಯಾರ ಅಪ್ಪನೆಂದು ಮೊಮ್ಮಕ್ಕಳಿಗೆ ತಿಳಿಯದು.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ಒಂದು ತೊಡಕುಂಟು. ಮನೆಯಲ್ಲಿ ಇನ್ನಾಸಪ್ಪನಾದವನು ಹಳೆಯ ಲ್ಯಾಟಿನ್ ಜ್ಞಾನಸ್ನಾನದ ಪುಸ್ತಕದಲ್ಲಿ ಇಗ್ನಾತಿಯುಸ್ ಆಗಿರಬಹುದು. ರಾಯಪ್ಪ ಪೇತ್ರುಸ್, ಚಿನ್ನಪ್ಪ ಪೌಲುಸ್. ಶಾಲೆಯ ದಾಖಲೆಯಲ್ಲಿ ಮೂರನೆಯದೊಂದು! ಎಲ್ಲವನ್ನೂ ಒಂದೆಡೆ ಬರೆದಿಡಿ. ಮದುವೆಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದು 1563ರಲ್ಲಿಯೇ ತ್ರೆಂತ್ ಮಹಾಸಭೆ ವಿಧಿಸಿತು. ಜ್ಞಾನಸ್ನಾನದ ದಾಖಲೆಯಲ್ಲಿ ದೃಢೀಕರಣ, ಮದುವೆಗಳನ್ನೂ ನಮೂದಿಸಬೇಕೆಂದು 1917ರ ಧರ್ಮಸಭೆಯ ಕಾನೂನು ಹೇಳಿತು, 1983ರದ್ದೂ ಹೇಳುತ್ತದೆ. ಹಾಗಾಗಿ ಅಜ್ಜನ ಜ್ಞಾನಸ್ನಾನವಾದ ಊರು ಗೊತ್ತಿದ್ದರೆ ಅಲ್ಲಿಯ ಗುರುಗಳಿಗೆ ಪತ್ರ ಬರೆದು ಕೇಳಿ. (ಪೂಜೆ ಮುಗಿದ ಕೂಡಲೇ ಸಕ್ರಿಸ್ತಿಯ ಬಾಗಿಲಲ್ಲಿ ಕೇಳಬೇಡಿ!)

ಗೆದ್ದಲಿಗಿಂತ ಹೆಚ್ಚು ಹಾಳು ಮಾಡುವವರು ಕೆಲವೊಮ್ಮೆ ನಾವೇ. ಮನೆಯವರ ಮಾತು ಮೀರಿ ಮದುವೆಯಾದ ಅತ್ತೆ, ಹೇಳದೆ ಮನೆ ಬಿಟ್ಟ ಚಿಕ್ಕಪ್ಪ, ಇಂಥವರನ್ನು ಪಟದಿಂದಲೇ ಕತ್ತರಿಸಿದ ಮನೆಗಳುಂಟು. ಸಂತ ಮತ್ತಾಯನು ಯೇಸುಸ್ವಾಮಿಯ ವಂಶಾವಳಿ ಬರೆಯುವಾಗ ತಾಮಾರಳನ್ನು, ರಾಹಾಬಳನ್ನು ಬಿಡಲಿಲ್ಲ. ದಾವೀದನ ಪಾಪವನ್ನು ನೆನಪಿಸುವ ಊರೀಯನ ಹೆಂಡತಿಯನ್ನೂ ಸೇರಿಸಿದನು. ನಮ್ಮ ಪಟ್ಟಿ ಅದಕ್ಕಿಂತ ಚೊಕ್ಕವಾಗಿರಬೇಕೇ? ಯಾರಿಗಾದರೂ ನೋವಾಗುವ ಪತ್ರವಿದ್ದರೆ ಲಕೋಟೆಯಲ್ಲಿ ಮುಚ್ಚಿ, ಯಾರು ಯಾವಾಗ ತೆರೆಯಬಹುದೆಂದು ಮೇಲೆ ಬರೆಯಿರಿ. ಸುಡಬೇಡಿ.

ಇನ್ನು ಇಡುವ ರೀತಿ. ಅಟ್ಟದ ಸೆಕೆ, ಅಡುಗೆಮನೆಯ ಹೊಗೆ, ಮಳೆಗಾಲದಲ್ಲಿ ಒದ್ದೆಯಾಗುವ ಗೋಡೆ, ಇವುಗಳಿಂದ ದೂರವಿಡಿ. ಗುಂಡುಸೂಚಿ, ಸ್ಟೇಪಲ್ ಪಿನ್ನು ತುಕ್ಕು ಹಿಡಿಯುತ್ತವೆ, ತೆಗೆದುಹಾಕಿ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ; ಕಾಲಕ್ರಮದಲ್ಲಿ ಹಳದಿಯಾಗಿ ಕಲೆ ಬಿಡುತ್ತದೆ. ಹಳೆಯ ಪತ್ರಗಳಿಗೆ ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಬಿಸಿ ಪ್ಲಾಸ್ಟಿಕ್ ಒಮ್ಮೆ ಅಂಟಿದರೆ ಬಿಡಿಸಲಾಗದು. ಮನೆಯ ಪೀಠದ ಬಳಿ ಮೇಣದಬತ್ತಿಯ ಹೊಗೆ ಕುಡಿಯುತ್ತಿರುವ ಅಜ್ಜ-ಅಜ್ಜಿಯರ ಮದುವೆ ಪಟವನ್ನು ಇಳಿಸಿ, ಅದರ ಪ್ರತಿಯನ್ನು ತೂಗುಹಾಕಿ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ ಮೊಬೈಲಿನಲ್ಲಿ ತೆಗೆದ ಪ್ರತಿಗಳನ್ನು ಬೇರೆ ಊರಿನ ಇಬ್ಬರು ಬಂಧುಗಳಿಗೂ ಕಳುಹಿಸಿ.

ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ, ಮುಂದೆ ಇದು ಯಾರ ವಶಕ್ಕೆಂದು ಬರೆದು ಅಂಟಿಸಿ. ಆ ಮಗನಿಗೋ ಸೊಸೆಗೋ ಈಗಲೇ ತಿಳಿಸಿ.