ಹಬ್ಬದ ಓಟಕ್ಕೆ ಹೆಸರು ಕೊಟ್ಟಾಗಿದೆ, ಮುಂದೇನು?

ನವರಾತ್ರಿ ಹತ್ತಿರವಾದಂತೆ ಅಂಕಣಕ್ಕೆ ಬರುವ ಪತ್ರಗಳಲ್ಲಿ ಓಟದ ವಿಚಾರ ಹೆಚ್ಚಾಗಿದೆ. ಪದಕಕ್ಕಾಗಿ ಓಡುವವರ ಪತ್ರಗಳಲ್ಲ ಇವು. ಟೀ ಶರ್ಟ್ ಹಾಕಿಕೊಂಡು ನೆರೆಹೊರೆಯವರ ಜತೆ ಮೂರೋ ಐದೋ ಕಿಲೋಮೀಟರ್ ಓಡಿ, ಕೊನೆಗೆ ಉಪ್ಪಿಟ್ಟು ತಿಂದು ಮನೆಗೆ ಬರುವವರದು.

ಪ್ರಶ್ನೆ: ಡಾಕ್ಟರೇ, ನನಗೆ 54 ವರ್ಷ. ನಾಲ್ಕು ವರ್ಷದಿಂದ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುವ ಅಭ್ಯಾಸವಿದೆ. ಕಚೇರಿಯವರೆಲ್ಲ ಸೇರಿ ದಸರಾ ಹೊತ್ತಿನ 5 ಕಿ.ಮೀ. ಓಟಕ್ಕೆ ನನ್ನ ಹೆಸರನ್ನೂ ಬರೆಸಿದ್ದಾರೆ. ಇನ್ನು ಮೂರು ವಾರವಿದೆ. ಮನೆಯವಳು ಬೇಡ ಅನ್ನುತ್ತಾಳೆ. ಟಿ.ಎಂ.ಟಿ. ಮಾಡಿಸಬೇಕೆ?
– ಓದುಗರು, ಮೈಸೂರು

ಉತ್ತರ: ಟಿ.ಎಂ.ಟಿ., ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯದ ಪರೀಕ್ಷೆ, ಎಲ್ಲರಿಗೂ ಬೇಕಿಲ್ಲ. ಯಾವ ತೊಂದರೆಯೂ ಇಲ್ಲದವರಲ್ಲಿ ಅದು ಎಷ್ಟೋ ಸಲ ಇಲ್ಲದ ದೋಷ ತೋರಿಸಿ ಹೆದರಿಸುತ್ತದೆ. ಅದಕ್ಕಿಂತ ಮೊದಲು ನಿಮ್ಮನ್ನೇ ಕೆಲವು ಪ್ರಶ್ನೆ ಕೇಳಿಕೊಳ್ಳಿ. ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ನಂದಿಯವರೆಗೆ ಹತ್ತಿದರೆ ಏದುಸಿರು ಯಾರಿಗಾದರೂ ಬರುತ್ತದೆ, ಅದು ಬೇರೆ. ಹತ್ತುವಾಗ ಎದೆ ಹಿಂಡಿದಂತಾಗಿ, ನಿಂತರೆ ಸರಿಹೋಗುತ್ತದೆಯೆ? ಆ ಬಿಗಿತ ದವಡೆಗೋ ಎಡಗೈಗೋ ಹರಿಯುತ್ತದೆಯೆ? ಶ್ರಮದ ಕೆಲಸ ಮಾಡುವಾಗ ತಲೆ ಸುತ್ತಿ ಬಿದ್ದದ್ದುಂಟೆ? ತಂದೆಗೋ ಅಣ್ಣತಮ್ಮಂದಿರಿಗೋ 55 ತುಂಬುವ ಮೊದಲೇ ಹೃದಯಾಘಾತ ಆಗಿತ್ತೆ? ಒಂದಕ್ಕೆ ಹೌದು ಎಂದರೂ ನಿಮ್ಮ ವೈದ್ಯರನ್ನು ಕಾಣದೆ ಓಡಬೇಡಿ. ಎಲ್ಲಕ್ಕೂ ಇಲ್ಲ ಎಂದಾದರೆ, ಈ ವಾರ ಒಮ್ಮೆ ಬಿ.ಪಿ. ನೋಡಿಸಿ. 180/110 ದಾಟಿದ್ದರೆ ಈ ಸಲ ಓಟ ಬೇಡ, ಚಿಕಿತ್ಸೆ ಸರಿಪಡಿಸಿಕೊಳ್ಳಿ. ಹತೋಟಿಯಲ್ಲಿದ್ದರೆ ಧಾರಾಳವಾಗಿ ಹೋಗಿ.

ಮೂರು ವಾರದಲ್ಲಿ 5 ಕಿ.ಮೀ. ನಿಲ್ಲದೆ ಓಡುವಂತೆ ಆಗುವುದಿಲ್ಲ. ಓಡುತ್ತಾ ನಡೆಯುತ್ತಾ ಮುಗಿಸುವಷ್ಟು ಖಂಡಿತ ಆಗುತ್ತದೆ. ದಿನ ಬಿಟ್ಟು ದಿನ, ಕೆರೆ ಏರಿಯ ಮೇಲೆಯೇ, ಒಂದು ನಿಮಿಷ ನಿಧಾನವಾಗಿ ಓಡಿ, ಎರಡು ನಿಮಿಷ ನಡೆಯಿರಿ. ಅರ್ಧ ಗಂಟೆ ಸಾಕು. ಮೂರನೇ ವಾರಕ್ಕೆ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಓಟದ ದಿನವೂ ಇದೇ ಲೆಕ್ಕ ಬಿಡಬೇಡಿ, ಪಕ್ಕದವರು ಏನೇ ಅನ್ನಲಿ.

ನಿಮ್ಮ ಮಾತ್ರೆ ಯಾವುದೆಂದು ಬರೆದಿಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯದಾದರೆ ನಾಡಿ ಏರದಂತೆ ಅದು ತಡೆಯುತ್ತದೆ. ಕೈಗಡಿಯಾರ 110 ಎಂದು ತೋರಿಸಿದರೂ ನಿಮ್ಮ ಮೈ ಪೂರ್ತಿ ದಣಿದಿರಬಹುದು. ಗಡಿಯಾರ ನಂಬಬೇಡಿ, ಮಾತನ್ನು ನಂಬಿ: ಓಡುತ್ತಲೇ ಒಂದು ಪೂರ್ತಿ ವಾಕ್ಯ ಹೇಳಲು ಆಗುತ್ತಿದ್ದರೆ ವೇಗ ಸರಿಯಿದೆ. ಒಂದೊಂದೇ ಪದಕ್ಕೆ ಉಸಿರು ಎಳೆಯುವಂತಾದರೆ ನಡೆಯಿರಿ. ಮೂತ್ರ ಹೆಚ್ಚಿಸುವ ಮಾತ್ರೆಯಾದರೆ ಹಿಂದಿನ ದಿನದಿಂದಲೇ ನೀರು ಸರಿಯಾಗಿ ಕುಡಿದಿರಿ. ಓಟವಿದೆ ಎಂದು ಯಾವ ಮಾತ್ರೆಯನ್ನೂ ನೀವಾಗಿ ಬಿಡಬೇಡಿ.

ಇಂಥ ಓಟಗಳಲ್ಲಿ ನನಗೆ ಭಯ ಇರುವುದು ಕೊನೆಯ ಇನ್ನೂರು ಮೀಟರಿನದು. ಅಲ್ಲಿಯವರೆಗೆ ಹರಟೆ ಹೊಡೆಯುತ್ತಾ ಬಂದವರು ಡೊಳ್ಳಿನ ಸದ್ದು, ಮೊಬೈಲ್ ಹಿಡಿದು ನಿಂತ ಮಕ್ಕಳನ್ನು ಕಂಡೊಡನೆ ಪ್ರಾಣ ಹೋಗುವಂತೆ ಓಡುತ್ತಾರೆ. ಮ್ಯಾರಥಾನ್‌ಗಳಲ್ಲಿ ಹೃದಯ ಸ್ತಂಭನಗಳು ಹೆಚ್ಚಾಗಿ ಕಂಡಿರುವುದೂ ದಾರಿಯ ಕೊನೆಯ ಕಾಲುಭಾಗದಲ್ಲೇ. ಗೆರೆ ದಾಟಿ ಥಟ್ಟನೆ ನಿಲ್ಲುವುದು ಮತ್ತೊಂದು ತಪ್ಪು. ಓಡುವಾಗ ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತವೆ. ನಿಂತರೆ ರಕ್ತ ಕಾಲಲ್ಲೇ ಉಳಿದು ಕಣ್ಣು ಕತ್ತಲೆ ಬರುತ್ತದೆ. ಹತ್ತು ನಿಮಿಷ ಅಡ್ಡಾಡಿ, ಫೋಟೋ ಆಮೇಲೆ.

ಪ್ರಶ್ನೆ: ನನಗೆ 47. ಸಕ್ಕರೆ ಕಾಯಿಲೆಗೆ ಗ್ಲಿಮಿಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ ನುಂಗುತ್ತೇನೆ. ನವರಾತ್ರಿಯಲ್ಲಿ ಒಪ್ಪೊತ್ತು ಇರುತ್ತೇನೆ. ಮಹಿಳಾ ಸಂಘದವರ ಓಟವೂ ಆಗಲೇ ಬಂದಿದೆ. ಎರಡನ್ನೂ ಮಾಡಬಹುದೆ?
– ಓದುಗರು, ಮಂಡ್ಯ

ಉತ್ತರ: ಒಂದೇ ದಿನ ಎರಡೂ ಬೇಡಮ್ಮ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಇಷ್ಟು ಕಟ್ಟುನಿಟ್ಟಾಗಿ ಹೇಳುತ್ತಿರಲಿಲ್ಲ. ಗ್ಲಿಮಿಪಿರೈಡ್ ನೀವು ಉಂಡರೂ ಉಣ್ಣದಿದ್ದರೂ ಇನ್ಸುಲಿನ್ ಹೊರಡಿಸುತ್ತದೆ. ಅದರ ಮೇಲೆ ಓಡಿದರೆ ಸ್ನಾಯುಗಳೂ ಸಕ್ಕರೆ ಎಳೆದುಕೊಳ್ಳುತ್ತವೆ. ಸಕ್ಕರೆ 70ಕ್ಕಿಂತ ಕೆಳಗಿಳಿದಾಗ ಬರುವ ಬೆವರು, ಎದೆಬಡಿತ, ಕೈಕಾಲು ನಡುಕ ಇವೆಲ್ಲ ಓಡಿದವರಿಗೆ ಹೇಗೂ ಇರುತ್ತವಲ್ಲ! ಹಾಗಾಗಿ ಪಕ್ಕದವರಿಗಿರಲಿ, ನಿಮಗೇ ಗೊತ್ತಾಗುವುದಿಲ್ಲ. ಮಾತು ತೊದಲುವುದು, ಸುಮ್ಮನೆ ಸಿಡುಕುವುದು, ದಾರಿ ತಪ್ಪುವುದು ಕಂಡರೆ ಜತೆಯವರು ಎಚ್ಚೆತ್ತುಕೊಳ್ಳಬೇಕು.

ಓಟದ ದಿನ ಒಪ್ಪೊತ್ತು ಬಿಡಿ. ಆ ದಿನದ ಮಾತ್ರೆಯನ್ನು ಯಾವಾಗ, ಎಷ್ಟು ತೆಗೆದುಕೊಳ್ಳಬೇಕೆಂದು ಮೊದಲೇ ನಿಮ್ಮ ವೈದ್ಯರನ್ನು ಕೇಳಿಟ್ಟುಕೊಳ್ಳಿ. ಒಂದೂವರೆ ಗಂಟೆ ಮುಂಚೆ ಎರಡು ಇಡ್ಲಿ ತಿನ್ನಿ. ಹೊರಡುವ ಮುನ್ನ ಗ್ಲುಕೋಮೀಟರಿನಲ್ಲಿ ನೋಡಿ. 90ಕ್ಕಿಂತ ಕಡಿಮೆಯಿದ್ದರೆ ಒಂದು ಬಾಳೆಹಣ್ಣು ತಿಂದು ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. 250 ದಾಟಿದ್ದರೆ ಅಂದು ಚಪ್ಪಾಳೆ ತಟ್ಟುವ ಕೆಲಸ ನಿಮ್ಮದು. ಸೊಂಟದ ಚೀಲದಲ್ಲಿ ಮೂರು ಚಮಚ ಸಕ್ಕರೆಯ ಪೊಟ್ಟಣ ಇರಲಿ. ಚಾಕೊಲೇಟ್ ಬೇಡ, ಅದರ ಜಿಡ್ಡಿನಿಂದಾಗಿ ಸಕ್ಕರೆ ರಕ್ತ ಸೇರುವುದು ತಡವಾಗುತ್ತದೆ. ಅಂದು ರಾತ್ರಿಯೂ ಸಕ್ಕರೆ ಇಳಿಯಬಹುದು, ಊಟ ತಪ್ಪಿಸಬೇಡಿ.

ಇನ್ನೊಂದು ಮಾತು. ಆರೂವರೆಗೆ ಎಂದ ಓಟ ಮುಖ್ಯ ಅತಿಥಿಗಳು ಬರುವ ತನಕ, ಅವರ ಭಾಷಣ ಮುಗಿಯುವ ತನಕ ಶುರುವಾಗುವುದಿಲ್ಲ ಎಂಬುದು ನಿಮಗೂ ಗೊತ್ತು. ನಿಮ್ಮ ಇಡ್ಲಿಯ ಲೆಕ್ಕ ಅಲ್ಲಿಗೇ ತಪ್ಪುತ್ತದೆ. ಎಂಟು ಗಂಟೆ ಆದರೆ ಮತ್ತೊಮ್ಮೆ ಬೆರಳು ಚುಚ್ಚಿ ನೋಡಿಯೇ ಹೊರಡಿ.

ಪ್ರಶ್ನೆ: ಓಡಿದರೆ ಮಂಡಿಚಿಪ್ಪು ಸವೆಯುತ್ತದೆಯೆ? ಮುಂಚೆಯೇ ನೋವಿನ ಮಾತ್ರೆ ನುಂಗಿ ಓಡಲೆ?
– ಓದುಗರು, ಹಾಸನ

ಉತ್ತರ: ಹವ್ಯಾಸಕ್ಕೆ ಓಡುವವರಿಗೆ ಮಂಡಿ ಸವೆತ ಹೆಚ್ಚು ಎಂಬುದಕ್ಕೆ ಆಧಾರವಿಲ್ಲ. ಆಗಲೇ ಊದಿಕೊಂಡ, ಮೆಟ್ಟಿಲು ಇಳಿಯುವಾಗ ನೋಯುವ ಮಂಡಿಯಾದರೆ ನಡೆದೇ ಮುಗಿಸಿ. ನೋವಿನ ಮಾತ್ರೆ ಮಾತ್ರ ಖಂಡಿತ ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವು ಬೆವರಿ ನೀರು ಕಳೆದುಕೊಂಡ ಮೈಯಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಖಾಲಿ ಹೊಟ್ಟೆಯಾದರೆ ಕರುಳಿಗೂ. ಅಂದೇ ಹೊಸ ಶೂ ಹಾಕಿಕೊಳ್ಳುವುದೂ ಬೇಡ.

ಪ್ರಶ್ನೆ: ಸೀರೆಯುಟ್ಟು ಓಡಿದರೆ ಅಪಾಯವೆ? ನಮ್ಮತ್ತೆಯದೂ ಇದೇ ಪ್ರಶ್ನೆ, ಅವರೂ ಓಡುತ್ತಾರಂತೆ!

ಉತ್ತರ: ಸೀರೆ ಕಣಕಾಲಿಗಿಂತ ಮೇಲಿರಲಿ. ನೆರಿಗೆ, ಸೆರಗು ಎರಡಕ್ಕೂ ಪಿನ್ನು ಹಾಕಿ. ಹತ್ತಿ ಸೀರೆಯೇ ವಾಸಿ. ಬೀಳಿಸುವುದು ಹೆಚ್ಚಾಗಿ ಚಪ್ಪಲಿ. ಸೀರೆಗೆ ಶೂ ಒಪ್ಪುವುದಿಲ್ಲ ಎನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಅತ್ತೆಯವರಿಗೆ ನನ್ನ ನಮಸ್ಕಾರ.

ಪ್ರಶ್ನೆ: ಮಗನಿಗೆ ಹತ್ತು ವರ್ಷ. ಹೋದ ವಾರ ಡೆಂಗಿ ಜ್ವರ ಬಿಟ್ಟಿದೆ. ಪ್ಲೇಟ್‌ಲೆಟ್ ಸರಿಯಾಗಿದೆ, ಓಡುತ್ತೇನೆಂದು ಹಟ ಹಿಡಿದಿದ್ದಾನೆ.

ಉತ್ತರ: ಈ ಸಲ ಬೇಡ. ಪ್ಲೇಟ್‌ಲೆಟ್ ಏರಿದ ಮಾತ್ರಕ್ಕೆ ಮೈ ಚೇತರಿಸಿಕೊಂಡಿತು ಎಂದಲ್ಲ, ಡೆಂಗಿಯ ಸುಸ್ತು ವಾರಗಟ್ಟಲೆ ಉಳಿಯುತ್ತದೆ. ವೈರಸ್ ಜ್ವರಗಳು ಒಮ್ಮೊಮ್ಮೆ ಹೃದಯದ ಸ್ನಾಯುವನ್ನೂ ಮುಟ್ಟಿರುತ್ತವೆ. ಆಗ ಜೋರಾಗಿ ಓಡಿದರೆ ಹೃದಯದ ಲಯ ತಪ್ಪಬಹುದು. ಹೊರಡುವ ಹೊತ್ತಿನ ಪೀಪಿ ಊದಲು ಅವನಿಗೇ ಕೊಡಿಸಿ, ಹಟ ಇಳಿಯುತ್ತದೆ.

ಪ್ರಶ್ನೆ: ನಾವು ಊರ ಹಬ್ಬಕ್ಕೆ ಓಟ ಇಟ್ಟುಕೊಂಡಿದ್ದೇವೆ. ಯಾರಾದರೂ ಕುಸಿದು ಬಿದ್ದರೆ ಏನು ಮಾಡಬೇಕು?
– ಯುವಕ ಸಂಘದವರು, ಹುಣಸೂರು ತಾಲ್ಲೂಕು

ಉತ್ತರ: ಇದನ್ನು ಮೊದಲೇ ಕೇಳಿದಿರಲ್ಲ, ಸಂತೋಷ. ಬಿದ್ದವರ ಸುತ್ತ ಜನ ಮುತ್ತಿಕೊಂಡು ಬಾಯಿಗೆ ನೀರು ಸುರಿಯುವುದು, ಕೈಗೆ ಬೀಗದ ಕೈ ಹಿಡಿಸುವುದು ನಮ್ಮಲ್ಲಿ ರೂಢಿ. ಎರಡೂ ಬೇಡ. ಭುಜ ತಟ್ಟಿ ಕೂಗಿ. ಓಗೊಟ್ಟರೆ ಮಲಗಿಸಿ ಕಾಲು ಎತ್ತಿ ಹಿಡಿಯಿರಿ, ಬಹುಪಾಲು ಅಷ್ಟಕ್ಕೇ ಚೇತರಿಸಿಕೊಳ್ಳುತ್ತಾರೆ. ಓಗೊಡದೆ, ಉಸಿರೂ ಇಲ್ಲವಾದರೆ, ಅಥವಾ ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಉಸಿರೆಳೆಯುತ್ತಿದ್ದರೆ, ಅದು ಹೃದಯ ನಿಂತ ಲಕ್ಷಣ. ಒಬ್ಬರು 108ಕ್ಕೆ ಕರೆ ಮಾಡಿ. ಇನ್ನೊಬ್ಬರು ಎದೆಯ ನಟ್ಟನಡುವೆ ಒಂದರ ಮೇಲೊಂದು ಅಂಗೈ ಇಟ್ಟು, ನಿಮಿಷಕ್ಕೆ 100ರಿಂದ 120 ಸಲ, 5 ಸೆಂ.ಮೀ. ಇಳಿಯುವಷ್ಟು ಬಲವಾಗಿ ಒತ್ತಿ. ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಿ, ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ. ಹತ್ತು ಹುಡುಗರಿಗೆ ಇದನ್ನು ಕಲಿಸಿಕೊಡಿ ಎಂದು ಇವತ್ತೇ ತಾಲ್ಲೂಕು ಆಸ್ಪತ್ರೆಯವರನ್ನು ಕೇಳಿ. ಕಲಿತವರಲ್ಲಿ ನಾಲ್ವರನ್ನಾದರೂ ಓಟ ಮುಗಿಯುವ ಗೆರೆಯ ಬಳಿ ನಿಲ್ಲಿಸಿ. ಆಂಬುಲೆನ್ಸ್ ಬರುವ ದಾರಿಗೆ ಶಾಮಿಯಾನ ಅಡ್ಡ ಬಾರದಂತೆ ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಭಾಷಣಗಳನ್ನು ಓಟ ಮುಗಿದ ಮೇಲೆ ಇಟ್ಟುಕೊಳ್ಳಿ.